ಬೆಕ್ಕಿನ ಗದ್ದದ ಮೊಡವೆ: ಹಿಂಡುವ ಮೊದಲು ಇದನ್ನು ಓದಿ

ಕಾಳಿ_ದಂಡೆ (ಸದಾಶಿವಗಡ)

ಈ ವಾರ ಗುಂಪಿನಲ್ಲಿ ಒಂದೇ ಥರದ ಫೋಟೊ ನಾಲ್ಕು ಬಂದಿವೆ. ಬೆಕ್ಕಿನ ಗದ್ದದ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ, ಕೆಳತುಟಿಯ ಅಂಚಿನಲ್ಲೂ ಸ್ವಲ್ಪ. ಕೆಳಗೆ ಬಂದ ಸಲಹೆಗಳನ್ನು ನೋಡಿ ಹೆದರಿಕೆ ಆಯಿತು. ಒಬ್ಬರು ಉಗುರಲ್ಲಿ ಹಿಂಡಿ ಅಂತಾರೆ, ಇನ್ನೊಬ್ಬರು ಡೆಟಾಲ್ ಹಚ್ಚಿ ಅಂತಾರೆ, ಮತ್ತೊಬ್ಬರು ಮನುಷ್ಯರ ಗಜಕರ್ಣದ ಟ್ಯೂಬು. ಮೂರೂ ತಪ್ಪು. ಎಲ್ಲ ಒಂದೇ ಕಡೆ ಸಿಗಲಿ ಅಂತ ಈ ಚರ್ಚೆ ಶುರು ಮಾಡ್ತಾ ಇದ್ದೇನೆ. ಗೊತ್ತಿದ್ದವರು ವಿವರವಾಗಿ ಬರೆಯಿರಿ: ಏನು, ಎಷ್ಟು, ಎಷ್ಟು ದಿನ, ಯಾಕೆ.

ನನ್ನ ಕಡೆಯಿಂದ ಮೊದಲ ಮಾತು. ಗದ್ದದ ಚುಕ್ಕೆ ಬರೀ ಕೊಳೆ ಅಲ್ಲ. ಕೊಳೆ ಅಂದುಕೊಂಡು ತಿಕ್ಕಿದರೆ ಚರ್ಮ ಕೆಂಪಾಗಿ ಗಾಯ ಆಗ್ತದೆ, ಚುಕ್ಕೆ ಮಾತ್ರ ಅಲ್ಲೇ ಇರ್ತದೆ.

ಘಟ್ಟದ_ಮೇಲಿನ_ಪಶುವೈದ್ಯ (ಶಿರಸಿ)

ಒಳ್ಳೆ ಕೆಲಸ ಮಾಡಿದಿರಿ. ಬುಡದಿಂದಲೇ ಹೇಳ್ತೇನೆ.

ಬೆಕ್ಕಿನ ಗದ್ದದಲ್ಲಿ, ಕೆಳತುಟಿಯ ಅಂಚಿನಲ್ಲಿ ದೊಡ್ಡ ದೊಡ್ಡ ಜಿಡ್ಡಿನ ಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೆ, ಕುರ್ಚಿ ಕಾಲಿಗೆ, ನಿಮ್ಮ ಮೊಣಕಾಲಿಗೆ ಅದು ಗದ್ದ ಉಜ್ಜೋದು ಆ ಗ್ರಂಥಿಯ ವಾಸನೆ ಹಚ್ಚಿ ಇದು ನನ್ನ ಜಾಗ ಅಂತ ಗುರುತು ಹಾಕಲಿಕ್ಕೆ. ಈ ಗ್ರಂಥಿಗಳು ಕೂದಲಿನ ಬುಡದ ಕುಳಿಗೆ ತೆರೆದುಕೊಳ್ತವೆ. ಕುಳಿಯ ಒಳಗೋಡೆಯಿಂದ ಕೆರಾಟಿನ್ ಎಂಬ ಗಟ್ಟಿ ಪ್ರೋಟೀನು ತುಂಬಿದ ಸತ್ತ ಜೀವಕೋಶ ಉದುರಿ ಹೊರಗೆ ಹೋಗಬೇಕು. ಹೋಗದೆ ಜಿಡ್ಡಿನ ಜೊತೆ ಸೇರಿ ಗಟ್ಟಿಯಾದರೆ ಕುಳಿಯ ಬಾಯಿಗೆ ಬಿರಡೆ ಬೀಳ್ತದೆ. ಆ ಬಿರಡೆಯ ತಲೆಯೇ ಕಪ್ಪು ಚುಕ್ಕೆ.

ಇಲ್ಲಿಯವರೆಗೆ ಸೋಂಕು ಇಲ್ಲ, ಬೆಕ್ಕಿಗೆ ನೋವೂ ಇಲ್ಲ. ಎಷ್ಟೋ ಬೆಕ್ಕುಗಳಲ್ಲಿ ಇದು ಜೀವಮಾನವಿಡೀ ಇಷ್ಟಕ್ಕೇ ನಿಲ್ತದೆ. ಆದರೆ ಬಿರಡೆಯ ಹಿಂದೆ ಒತ್ತಡ ಹೆಚ್ಚಿ ಕುಳಿಯ ಗೋಡೆ ಒಳಗಡೆಗೆ ಒಡೆದರೆ, ಕೆರಾಟಿನ್ ಚರ್ಮದ ಆಳಕ್ಕೆ ಚೆಲ್ಲಿಹೋಗ್ತದೆ. ದೇಹ ಅದನ್ನು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಹೊರಗಿನ ವಸ್ತು ಅಂತಲೇ ನೋಡ್ತದೆ. ಊತ, ಕೆಂಪು, ಕೀವು, ಆಮೇಲೆ ಬ್ಯಾಕ್ಟೀರಿಯಾ. ಗದ್ದ ದಪ್ಪಗಾಗಿ ರಕ್ತ ಮಿಶ್ರಿತ ಕೀವು ಸೋರುವ ಹಂತ ಅದು. ಹಿಂಡಬೇಡಿ ಅನ್ನೋದು ಇದಕ್ಕೇ. ನೀವು ಹಿಂಡಿದಾಗ ಮೇಲೆ ಬರೋದಕ್ಕಿಂತ ಒಳಗೆ ಒಡೆಯೋದೇ ಹೆಚ್ಚು. ಚಿಕಿತ್ಸೆ ಬೇಡವಾಗಿದ್ದ ಬೆಕ್ಕನ್ನು ಮೂರು ವಾರದ ಆಂಟಿಬಯೋಟಿಕ್‌ಗೆ ತಳ್ಳುವ ಕೆಲಸ ಅದು.

ಯಾವ ವಯಸ್ಸಿಗಾದರೂ ಬರಬಹುದು, ಗಂಡು ಹೆಣ್ಣು ಅಂತಿಲ್ಲ, ತಳಿಯೂ ಇಲ್ಲ. ಕೆಲವಕ್ಕೆ ಒಮ್ಮೆ ಬಂದು ಹೋಗ್ತದೆ, ಕೆಲವಕ್ಕೆ ತಿರುಗಿ ತಿರುಗಿ ಬರ್ತದೆ. ಇದೇ ಕಾರಣ ಅಂತ ಒಂದನ್ನು ತೋರಿಸಲಿಕ್ಕೆ ಆಗೋದಿಲ್ಲ. ಜಿಡ್ಡು ಹೆಚ್ಚಾಗೋದು, ಗದ್ದ ನೆಕ್ಕಲಿಕ್ಕೆ ನಾಲಿಗೆ ಎಟುಕದೇ ಇರೋದು, ಒತ್ತಡ, ಊಟದ ಪಾತ್ರೆ, ಅಲರ್ಜಿ, ಇವು ಬೇರೆ ಬೇರೆ ಬೆಕ್ಕಿನಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಸೇರ್ತವೆ.

ಹಾಳೆಟೊಪ್ಪಿ (ಯಲ್ಲಾಪುರ)

ಮೊಡವೆಯೋ ಅಲ್ಲವೋ ಅಂತ ಮನೆಯಲ್ಲೇ ನೋಡುವ ಬಗೆ ಬರೆಯುತ್ತೇನೆ. ನಮ್ಮ ಕಡೆ ಇದು ಬಹಳ ಮುಖ್ಯ. ಘಟ್ಟದ ಮೇಲೆ ಮಳೆಗಾಲದಲ್ಲಿ ಬೆಕ್ಕು ಮಲಗುವುದೇ ಬಚ್ಚಲ ಒಲೆಯ ಬಾಯಲ್ಲಿ, ಬೂದಿಯ ಮೇಲೆ. ಗದ್ದದಲ್ಲಿ ಮಸಿ ಕೂತಿದ್ದರೂ ಚುಕ್ಕೆಯ ಹಾಗೇ ಕಾಣುತ್ತದೆ.

ಬೇಕಾಗಿದ್ದು ಬಿಳಿ ಟಿಶ್ಯೂ ಪೇಪರು, ಉಗುರುಬೆಚ್ಚಗಿನ ನೀರು, ಸಣ್ಣ ಹಲ್ಲಿನ ಹೇನು ಬಾಚಣಿಗೆ. ಬೆಕ್ಕನ್ನು ಬೆಳಕಿಗೆ ತಂದು, ತಲೆಯನ್ನು ಸ್ವಲ್ಪ ಹಿಂದಕ್ಕೆ ಎತ್ತಿ, ಗದ್ದದ ಕೂದಲನ್ನು ಬೆರಳಿನಿಂದ ಎರಡು ಬದಿಗೆ ಸೀಳಿ ನೋಡಿ. ಆಮೇಲೆ ಬಾಚಣಿಗೆಯನ್ನು ಕೂದಲು ಹೋದ ದಿಕ್ಕಿಗೆ ನಾಲ್ಕೈದು ಸಲ ಎಳೆದು, ಬಂದದ್ದನ್ನು ಒದ್ದೆ ಟಿಶ್ಯೂ ಮೇಲೆ ಕೊಡವಿ. ಎರಡು ನಿಮಿಷ ಹಾಗೇ ಬಿಡಿ.

ಕಣದ ಸುತ್ತ ಕೆಂಗಂದು ಬಣ್ಣದ ಉಂಗುರ ಹರಡಿತೋ, ಅದು ಚಿಗಟದ ಹಿಕ್ಕೆ. ಚಿಗಟ ಕುಡಿದ ರಕ್ತವೇ ನೀರಿಗೆ ಕರಗಿ ಬಿಡುವ ಬಣ್ಣ ಅದು. ಬೂದುಬಣ್ಣ ಸವರಿಕೊಂಡು, ಒರೆಸಿದ ಜಾಗದಲ್ಲಿ ಚರ್ಮ ಸ್ವಚ್ಛ ಕಂಡರೆ ಬೂದಿ, ಮಸಿ. ಚುಕ್ಕೆ ಬಾಚಣಿಗೆಗೆ ಸುಲಭಕ್ಕೆ ಬರದೆ ಕೂದಲ ಬುಡಕ್ಕೆ ಕಚ್ಚಿಕೊಂಡಿದ್ದು, ಬಂದ ಒಂದೆರಡು ಕಣ ಮೇಣದ ಹಾಗಿದ್ದು, ಒಣ ಕಾಗದಕ್ಕೆ ಒತ್ತಿದಾಗ ಎಣ್ಣೆಯ ಕಲೆ ಬಿದ್ದರೆ ಅದು ಮೊಡವೆ. ಬೆರಳ ತುದಿ ಆಡಿಸಿದರೆ ರವೆ ಮುಟ್ಟಿದ ಹಾಗೆ ತರಿತರಿ ಸಿಗುತ್ತದೆ.

ಚಿಗಟ ಅಂತ ಆದರೆ ಒಂದು ಎಚ್ಚರ. ನಾಯಿಗೆ ಬಿಡುವ ಪರ್ಮೆಥ್ರಿನ್ ಇರುವ ಹನಿ ಔಷಧವನ್ನು ಬೆಕ್ಕಿಗೆ ಹಾಕಬೇಡಿ. ಬೆಕ್ಕಿಗೆ ಅದು ವಿಷ, ನಡುಕ, ಫಿಟ್ಸ್ ಬಂದು ಸಾಯಲೂಬಹುದು.

ಶರಾವತಿ_ತೀರ (ಹೊನ್ನಾವರ)

ನಾಲ್ಕು ಫೋಟೊದಲ್ಲಿ ಒಂದರಲ್ಲಿ ಕಪ್ಪು ಚುಕ್ಕೆಯೇ ಇಲ್ಲವಲ್ಲ ಡಾಕ್ಟ್ರೇ. ಗದ್ದ ಮಾತ್ರ ಮುಂದಕ್ಕೆ ಉಬ್ಬಿದೆ, ಗಟ್ಟಿ ಇದೆ ಅಂತ ಬರೆದಿದ್ದಾರೆ. ಬೆಕ್ಕು ಚೆನ್ನಾಗಿ ಉಣ್ತದಂತೆ.

ಘಟ್ಟದ_ಮೇಲಿನ_ಪಶುವೈದ್ಯ (ಶಿರಸಿ)

ಗಮನಿಸಿದ್ದು ಒಳ್ಳೇದಾಯ್ತು. ಅದು ಮೊಡವೆ ಇರಲಿಕ್ಕಿಲ್ಲ. ಚುಕ್ಕೆ ಇಲ್ಲ, ನೋವಿಲ್ಲ, ಗದ್ದ ಮಾತ್ರ ಗಟ್ಟಿಯಾಗಿ ಊದಿದೆ ಅಂದರೆ ಇಯೊಸಿನೊಫಿಲಿಕ್ ಗ್ರಾನುಲೋಮ ಅನ್ನುವ ಅಲರ್ಜಿ ಜಾತಿಯ ಗಂಟನ್ನು ಮೊದಲು ಯೋಚಿಸಬೇಕು. ಮೇಲ್ತುಟಿ ಎತ್ತಿ ನೋಡಿ, ಹುಣ್ಣು ಇದ್ದರೆ ಅನುಮಾನ ಇನ್ನೂ ಬಲವಾಗ್ತದೆ. ಅದರ ಚಿಕಿತ್ಸೆಯೇ ಬೇರೆ. ಶಾಖ ಕೊಟ್ಟು ತೊಳೆದರೆ ಏನೂ ಪ್ರಯೋಜನ ಆಗೋದಿಲ್ಲ.

ಮೊಡವೆ ಅಂತ ಮೋಸ ಹೋಗುವ ಇನ್ನಷ್ಟು ಇವೆ.

ಒಂದೇ ಬದಿಗೆ ಊತ, ಅಥವಾ ಗದ್ದದ ಅಡಿಯಲ್ಲಿ ಒಂದೇ ತೂತಿನಿಂದ ಮತ್ತೆ ಮತ್ತೆ ಕೀವು, ಬಾಯಿ ವಾಸನೆ, ಜೊಲ್ಲು: ಕೆಳಗಿನ ಕೋರೆಹಲ್ಲಿನ ಬೇರಿನಲ್ಲಿ ಬಾವು ಇರಬಹುದು. ಹಲ್ಲಿಗೆ ಚಿಕಿತ್ಸೆ ಆಗದೆ ಗದ್ದ ಗುಣ ಆಗೋದಿಲ್ಲ.

ಕೂದಲು ಉದುರಿ ಬೋಳು, ಹೊಟ್ಟು, ಮುರಿದ ಕೂದಲು, ಕಿವಿ ಅಂಚಲ್ಲೂ ಪಾದದಲ್ಲೂ ಹಾಗೇ ಇದ್ದರೆ ಹುಳುಕಡ್ಡಿ, ಅಂದರೆ ಗಜಕರ್ಣದ ಶಿಲೀಂಧ್ರ. ಇದು ಮನುಷ್ಯರಿಗೂ ಮನೆಯ ಬೇರೆ ಬೆಕ್ಕಿಗೂ ಹರಡ್ತದೆ. ವುಡ್ಸ್ ಲ್ಯಾಂಪ್ ಎಂಬ ನೇರಳಾತೀತ ದೀಪದಲ್ಲಿ ಬಹಳಷ್ಟು ಸಲ ಕೂದಲು ಹಸಿರಾಗಿ ಹೊಳೀತದೆ. ಹೊಳೆಯದಿದ್ದರೆ ಹುಳುಕಡ್ಡಿ ಇಲ್ಲ ಅಂತ ಮಾತ್ರ ತಿಳೀಬಾರದು, ಕೂದಲು ಕಿತ್ತು ಶಿಲೀಂಧ್ರ ಕಲ್ಚರ್‌ಗೆ ಹಾಕಬೇಕು.

ಡೆಮೊಡೆಕ್ಸ್ ನುಸಿ, ಮಲಸೇಜಿಯಾ ಯೀಸ್ಟ್ ಇವು ಮೊಡವೆಯ ಜೊತೆಗೇ ಇರಬಹುದು. ಹಾಗಾಗಿ ಎರಡು ಮೂರು ವಾರ ಸರಿಯಾಗಿ ತೊಳೆದೂ ಕಡಿಮೆ ಆಗದಿದ್ದರೆ ಚರ್ಮ ಕೆರೆದು ನೋಡಿಸಲೇಬೇಕು. ಕೆರೆತದ ಮಾದರಿ, ಸೆಲ್ಲೋಟೇಪ್ ಒತ್ತಿ ತೆಗೆದ ಮಾದರಿ, ಎರಡಕ್ಕೂ ಗಾಜಿನ ಪಟ್ಟಿ, ಬಣ್ಣ, ಸೂಕ್ಷ್ಮದರ್ಶಕ ಇದ್ದರೆ ಸಾಕು. ತಾಲ್ಲೂಕಿನ ದನದ ಆಸ್ಪತ್ರೆಯಲ್ಲಿ ಬೆಕ್ಕು ತರುವವರು ಕಡಿಮೆ, ಅದಕ್ಕೆ ನೀವೇ ಬಾಯಿ ಬಿಟ್ಟು ಕೇಳಿ: ಚರ್ಮ ಕೆರೆದು ನೋಡ್ತೀರಾ ಅಂತ. ಅಲ್ಲಿ ಆಗದ್ದಕ್ಕೆ ಘಟ್ಟದ ಮೇಲಿನವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಇದೆ.

ಅಘನಾಶಿನಿ (ಕುಮಟಾ)

ಕಪ್ಪು ಚುಕ್ಕೆ ಮಾತ್ರ ಇರುವ ಬೆಕ್ಕಿಗೆ ಶಾಖ ಕೊಡುವ ಕ್ರಮ ಹೇಳ್ತೇನೆ. ಹೆಚ್ಚಿನವರು ಎಡವೋದು ಇಲ್ಲೇ, ಅವಸರ ಮಾಡಿ.

ಕಾಲು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಅರ್ಧ ಟೀ ಚಮಚ ಪುಡಿ ಉಪ್ಪು. ನೀರು ಮಣಿಕಟ್ಟಿನ ಒಳಬದಿಗೆ ಹಿತವಾಗಿ ಬೆಚ್ಚಗೆ ಅನ್ನಿಸಬೇಕು, ಸುಮಾರು 40 ಡಿಗ್ರಿ. ಹಳೇ ಹತ್ತಿಬಟ್ಟೆ ಅಂಗೈಯಷ್ಟು ಅಗಲ ಮಡಚಿ ಅದ್ದಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ. ಬೆಕ್ಕಿನ ಎದುರು ಕೂರಬೇಡಿ. ಅದರ ಬೆನ್ನು ನಿಮ್ಮ ಹೊಟ್ಟೆಗೆ ತಾಗುವ ಹಾಗೆ ಮಡಿಲಲ್ಲಿ ಕೂರಿಸಿ, ಬಟ್ಟೆ ಹಿಡಿದ ಕೈಯನ್ನು ಕೆಳಗಿನಿಂದ ತಂದು ಗದ್ದಕ್ಕೆ ಆನಿಸಿ. ಮುಖದ ಎದುರಿನಿಂದ ಕೈ ಬಂದರೆ ಯಾವ ಬೆಕ್ಕೂ ಹಿಂದೆ ಸರೀತದೆ. ಕೈಕಾಲು ಆಡಿಸುವಂಥದ್ದಾದರೆ ಟವೆಲಿನಲ್ಲಿ ಕುತ್ತಿಗೆವರೆಗೆ ಸುತ್ತಿ.

ಬಟ್ಟೆಯನ್ನು ಆನಿಸಿ ಹಿಡೀಬೇಕು, ತಿಕ್ಕಬಾರದು. ನಿಮಿಷಕ್ಕೊಮ್ಮೆ ಮತ್ತೆ ಅದ್ದಿ, ಒಟ್ಟು ಐದು ನಿಮಿಷ. ಶಾಖಕ್ಕೆ ಬಿರಡೆಯ ಜಿಡ್ಡು ಮೆತ್ತಗಾಗ್ತದೆ. ಕೊನೆಗೆ ಬಟ್ಟೆಯನ್ನು ಕೂದಲು ಮಲಗಿದ ದಿಕ್ಕಿಗೆ ಮೂರು ನಾಲ್ಕು ಸಲ ಮೆಲ್ಲಗೆ ಎಳೀರಿ. ತಾನಾಗಿ ಬಂದದ್ದು ಬರಲಿ, ಉಳಿದದ್ದು ನಾಳೆ. ಆಮೇಲೆ ಒಣಬಟ್ಟೆಯಿಂದ ಒತ್ತಿ ಒಣಗಿಸಿ. ಒದ್ದೆ ಬಿಟ್ಟರೆ, ಅದರಲ್ಲೂ ನಮ್ಮ ಕರಾವಳಿಯ ಆಷಾಢದ ಹವೆಯಲ್ಲಿ, ಯೀಸ್ಟ್ ಬೆಳೀಲಿಕ್ಕೆ ಅನುಕೂಲ.

ದಿನಕ್ಕೆ ಎರಡು ಸಲ, ಕಡಿಮೆ ಅಂದರೆ ಎರಡು ವಾರ. ಮೂರನೇ ದಿನಕ್ಕೇ ಚುಕ್ಕೆ ಹೋಗಲಿಲ್ಲ ಅಂತ ಹಲ್ಲುಜ್ಜುವ ಬ್ರಶ್ ತರಬೇಡಿ. ಗಡುಸು ಬ್ರಶ್ಶಿಗೆ ಚರ್ಮ ಸುಲಿದು, ಅಲ್ಲಿಂದಲೇ ಸೋಂಕು ಒಳಗೆ ಹೋಗ್ತದೆ.

ಉದ್ದ ಕೂದಲಿನ ಬೆಕ್ಕಾದರೆ ಗದ್ದದ ಕೂದಲನ್ನು ಮೊಂಡು ತುದಿಯ ಕತ್ತರಿಯಿಂದ ಚಿಕ್ಕದು ಮಾಡಿ. ರೇಜರ್ ಬೇಡ.

ಔಷಧಿ_ಅಂಗಡಿ (ಅಂಕೋಲಾ)

ಕ್ಲೋರ್‌ಹೆಕ್ಸಿಡಿನ್ ಅನ್ನುವ ರೋಗಾಣುನಾಶಕದ ಬಗ್ಗೆ ನಾನು ಬರೀತೇನೆ. ಕೌಂಟರಿನಲ್ಲಿ ಇದರ ಬಗ್ಗೆ ಗೊಂದಲ ಬಹಳ.

ಶಾಖ ಕೊಟ್ಟು ಒಣಗಿಸಿದ ಮೇಲೆ ರೋಗಾಣು ಕಡಿಮೆ ಮಾಡಲಿಕ್ಕೆ ಹಚ್ಚಿ ಬಿಡುವ ದ್ರಾವಣ 0.05% ಸಾಕು. ನಿಮ್ಮ ಕೈಯಲ್ಲಿ 2% ಕ್ಲೋರ್‌ಹೆಕ್ಸಿಡಿನ್ ಗ್ಲುಕೋನೇಟ್ ದ್ರಾವಣ ಇದ್ದರೆ 5 ಮಿ.ಲೀ.ಗೆ 195 ಮಿ.ಲೀ. ನೀರು. 20%ನ ಗಟ್ಟಿ ದ್ರಾವಣ ಇದ್ದರೆ ಒಂದು ಲೀಟರಿಗೆ ಬರೀ 2.5 ಮಿ.ಲೀ. ಈ 20% ಬಾಟಲಿಯನ್ನು ಮನೆಗೆ ಒಯ್ಯದಿರುವುದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಒಂದು ಹನಿ ಕಣ್ಣಿಗೆ ಹಾರಿದರೆ ಕಾರ್ನಿಯಾ ಸುಡ್ತದೆ, ಬೆಕ್ಕಿನದ್ದೂ, ನಿಮ್ಮದೂ.

ಲೇಬಲ್ ಓದಿ. ಸ್ಯಾವ್ಲಾನ್‌ನಲ್ಲಿ ಕ್ಲೋರ್‌ಹೆಕ್ಸಿಡಿನ್ ಇದೆ ಅಂತ ಅದನ್ನೇ ಒಯ್ಯುವವರು ಇದ್ದಾರೆ. ಅದರಲ್ಲಿ ಸೆಟ್ರಿಮೈಡ್ ಅನ್ನುವ ಇನ್ನೊಂದು ರೋಗಾಣುನಾಶಕ ಕೂಡ ಇದೆ. ಬೆಕ್ಕು ಅದನ್ನು ನೆಕ್ಕಿದರೆ ನಾಲಿಗೆ, ಬಾಯಲ್ಲಿ ಹುಣ್ಣಾಗಿ ಊಟ ಬಿಡ್ತದೆ. ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ಬಾಟಲಿಯೂ ಬೇಡ. ಅದರಲ್ಲಿ ಸುವಾಸನೆ, ಪುದೀನ ಎಣ್ಣೆ ಇತ್ಯಾದಿ ಸೇರಿರ್ತವೆ. ಆಪರೇಷನ್‌ಗೆ ಮುಂಚೆ ಡಾಕ್ಟರು ಕೈ ತೊಳೆಯುವ 4%ನ ಗುಲಾಬಿ ಬಣ್ಣದ ಸ್ಕ್ರಬ್‌ನಲ್ಲಿ ನೊರೆ ಬರುವ ಮಾರ್ಜಕ ಇದೆ, ಹಚ್ಚಿ ಬಿಡುವ ವಸ್ತು ಅಲ್ಲ.

ಇನ್ನೊಂದು ಮಾತು. ಸಾಬೂನು ಹಚ್ಚಿ ತೊಳೆದು, ಸರಿಯಾಗಿ ಜಾಲಾಡದೆ ಕ್ಲೋರ್‌ಹೆಕ್ಸಿಡಿನ್ ಹಚ್ಚಿದರೆ ಅದರ ಶಕ್ತಿ ಹೋಗ್ತದೆ. ಸಾಬೂನಿನ ಅಣುವಿಗೂ ಇದಕ್ಕೂ ವಿದ್ಯುದಂಶ ವಿರುದ್ಧ, ಎರಡೂ ಕೂಡಿ ಕೆಲಸಕ್ಕೆ ಬಾರದ ಗಸಿ ಆಗ್ತದೆ.

ಕಾಳಿ_ದಂಡೆ (ಸದಾಶಿವಗಡ)

ಹಾಗಾದರೆ ಅಘನಾಶಿನಿ ಅಕ್ಕ ಹೇಳಿದ ಉಪ್ಪು ನೀರಿಗೇ ಇದನ್ನು ಬೆರೆಸಿದರೆ ಎರಡೂ ಕೆಲಸ ಒಟ್ಟಿಗೆ ಆಗೋದಿಲ್ವಾ?

ಔಷಧಿ_ಅಂಗಡಿ (ಅಂಕೋಲಾ)

ಬೇಡ. ಉಪ್ಪಿನ ಕ್ಲೋರೈಡ್ ಜೊತೆ ಕ್ಲೋರ್‌ಹೆಕ್ಸಿಡಿನ್ ಕೂಡಿ ನಿಧಾನಕ್ಕೆ ಗಸಿಯಾಗಿ ಕೆಳಗೆ ಕೂರ್ತದೆ. ಕಡಲ ಬದಿಯ ಬಾವಿಗಳಲ್ಲಿ ಬೇಸಿಗೆಗೆ ನೀರು ಸಪ್ಪೆ ಬಿಟ್ಟು ಉಪ್ಪಾಗ್ತದಲ್ಲ, ಆ ನೀರಲ್ಲೂ ಬೆರೆಸಬೇಡಿ. ಕುಡಿಯುವ ಸಿಹಿ ನೀರು ಕಾಯಿಸಿ ಆರಿಸಿ ಬಳಸಿ. ಉಪ್ಪು ನೀರಿನ ಶಾಖ ಮೊದಲು, ನಂತರ ಸಾದಾ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿ, ಆಮೇಲೆ ಈ ದ್ರಾವಣ. ಬೆರೆಸಿದ್ದನ್ನು ದಿನಗಟ್ಟಲೆ ಇಡಬೇಡಿ. ದಿನಕ್ಕೆ ಬೇಕಾದಷ್ಟೇ ಮಾಡಿ, ಉಳಿದದ್ದನ್ನು ಚೆಲ್ಲಿ.

ಹಾಳೆಟೊಪ್ಪಿ (ಯಲ್ಲಾಪುರ)

0.05% ಅಂದರೆ ತೀರಾ ತೆಳುವಲ್ಲವೇ? ಅಷ್ಟರಲ್ಲಿ ಬಿರಡೆ ಕರಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಘಟ್ಟದ_ಮೇಲಿನ_ಪಶುವೈದ್ಯ (ಶಿರಸಿ)

ಕರಗೋದಿಲ್ಲ, ಸರಿಯಾಗೇ ಹೇಳಿದಿರಿ. ಕ್ಲೋರ್‌ಹೆಕ್ಸಿಡಿನ್ ರೋಗಾಣುವಿಗೆ ಮಾತ್ರ. ಬಿರಡೆಗೆ ಶಾಖ, ಶಾಂಪೂ. ಪ್ರಾಣಿಗಳಿಗೆಂದೇ ಬರುವ 2ರಿಂದ 4% ಕ್ಲೋರ್‌ಹೆಕ್ಸಿಡಿನ್ ಶಾಂಪೂವನ್ನು ವಾರಕ್ಕೆ ಎರಡು ಮೂರು ಸಲ ಗದ್ದಕ್ಕಷ್ಟೇ ಹಚ್ಚಿ, 5ರಿಂದ 10 ನಿಮಿಷ ಬಿಟ್ಟು, ಚೆನ್ನಾಗಿ ತೊಳೆಯಬೇಕು. ಆ ಹತ್ತು ನಿಮಿಷ ಬೆಕ್ಕು ನೆಕ್ಕದ ಹಾಗೆ ಕೂತಿರೋದೇ ಕಷ್ಟದ ಕೆಲಸ. ಹಚ್ಚಿ ತಕ್ಷಣ ತೊಳೆದರೆ ಹಚ್ಚಿದ ಫಲ ಇಲ್ಲ. ತೊಳೆಯುವಾಗ ನೀರನ್ನು ಮೇಲಿಂದ ಹೊಯ್ಯಬೇಡಿ, ಮೂಗಿಗೆ ಹೋಗ್ತದೆ. ಒದ್ದೆ ಬಟ್ಟೆಯಿಂದ ಐದಾರು ಸಲ, ಪ್ರತಿ ಸಲ ಹೊಸ ನೀರಲ್ಲಿ ಬಟ್ಟೆ ಹಿಂಡಿ, ಒರೆಸಿ ತೆಗೀರಿ.

ಬೈತಖೋಲ್_ಬಂದರು (ಕಾರವಾರ)

ಡೆಟಾಲ್ ಯಾಕೆ ಬೇಡ ಅಂತ ಯಾರೂ ಬರೀಲಿಲ್ಲ. ಜನ ಕಾರಣ ಕೇಳ್ತಾರೆ. ಹಾಗೇ ತೆಂಗಿನೆಣ್ಣೆಗೆ ಅರಿಶಿನ ಕಲಸಿ ಹಚ್ಚೋದು ನಮ್ಮಲ್ಲಿ ಮನೆಮನೆ ಔಷಧ.

ಔಷಧಿ_ಅಂಗಡಿ (ಅಂಕೋಲಾ)

ಡೆಟಾಲ್‌ನಲ್ಲಿ ಇರೋದು ಕ್ಲೋರೊಕ್ಸಿಲೆನಾಲ್, ಫೀನಾಲ್ ಜಾತಿಯದ್ದು. ಬೆಕ್ಕಿನ ಪಿತ್ತಜನಕಾಂಗಕ್ಕೆ ಫೀನಾಲನ್ನು ಗ್ಲುಕುರಾನಿಕ್ ಆಮ್ಲಕ್ಕೆ ಕಟ್ಟಿ ಹೊರಗೆ ಕಳಿಸುವ ಶಕ್ತಿ ಬಹಳ ಕಮ್ಮಿ. ನಾಯಿಗೆ, ನಮಗೆ ನಡೆಯೋದು ಬೆಕ್ಕಿಗೆ ನಡೆಯದಿರೋದು ಇದಕ್ಕೇ. ಪ್ಯಾರಾಸಿಟಮಾಲ್ ಒಂದೇ ಮಾತ್ರೆಗೆ ಬೆಕ್ಕು ಸಾಯೋದಕ್ಕೂ ಇದೇ ಮುಖ್ಯ ಕಾರಣ, ನೋವಿದೆ ಅಂತ ಅದನ್ನು ಕೊಡಲೇಬೇಡಿ. ನೆಲ ಒರೆಸುವ ಫಿನಾಯಿಲ್‌ನಲ್ಲಿ ಪಾತ್ರೆ ಇಡುವ ಜಾಗ ಒರೆಸಿದರೆ ಒಣಗುವವರೆಗೆ ಬೆಕ್ಕನ್ನು ದೂರ ಇಡಿ. ಟೀ ಟ್ರೀ ಎಣ್ಣೆ ಕೂಡ ವಿಷ, ಮೊಡವೆಗೆ ಒಳ್ಳೇದು ಅಂತ ಆನ್‌ಲೈನಿನಲ್ಲಿ ಎಷ್ಟೇ ಹೇಳಲಿ.

ಅಘನಾಶಿನಿ (ಕುಮಟಾ)

ತೆಂಗಿನೆಣ್ಣೆ ವಿಷ ಅಲ್ಲ, ಆದರೆ ಇಲ್ಲಿ ಕೆಲಸ ಕೆಡಿಸ್ತದೆ. ಕುಳಿಯ ಬಾಯಿ ಜಿಡ್ಡಿನಿಂದಲೇ ಕಟ್ಟಿದೆ, ಅದರ ಮೇಲೆ ಇನ್ನೊಂದು ಪದರ ಎಣ್ಣೆ. ಧೂಳು, ಮೀನಿನ ಚೂರು, ಬೂದಿ ಎಲ್ಲ ಬಂದು ಅಂಟ್ತದೆ. ರುಚಿಗೆ ಬೆಕ್ಕು ಮುಂಗಾಲಿಂದ ಉಜ್ಜಿ ಉಜ್ಜಿ ನೆಕ್ತದೆ, ಇದ್ದ ಮೊಡವೆ ಕೆರಳ್ತದೆ. ಅರಿಶಿನ ಹಚ್ಚಿದರೆ ಚರ್ಮ ಹಳದಿಯಾಗಿ, ಕೆಂಪಾಗಿದೆಯೋ ಇಲ್ಲವೋ ಅನ್ನೋದೇ ಡಾಕ್ಟರಿಗೆ ಕಾಣೋದಿಲ್ಲ. ಹಚ್ಚುವ ಪ್ರೀತಿ ಅರ್ಥ ಆಗ್ತದೆ, ಆದರೆ ಈ ಜಾಗಕ್ಕೆ ಎಣ್ಣೆ ಸಲ್ಲ.

ಶರಾವತಿ_ತೀರ (ಹೊನ್ನಾವರ)

ಪಾತ್ರೆಯ ವಿಷಯಕ್ಕೆ ಬರೋಣ. ಪ್ಲಾಸ್ಟಿಕ್ ಬದಲಿಸಿ ಸ್ಟೀಲ್ ಇಟ್ಟರೆ ಮುಗೀತು ಅಂತ ಎಲ್ಲ ಕಡೆ ಬರೀತಾರೆ. ನನ್ನ ಪ್ರಕಾರ ಅದು ಅರ್ಧ ಮಾತು. ಪ್ಲಾಸ್ಟಿಕ್ಕಿನ ತೊಂದರೆ ಏನಂದರೆ, ತೊಳೆದಾಗಲೆಲ್ಲ ಗೀರು ಬೀಳ್ತದೆ, ಗೀರಿನೊಳಗೆ ಜಿಡ್ಡು ಮತ್ತು ಬ್ಯಾಕ್ಟೀರಿಯಾ ಕೂರ್ತದೆ, ಮತ್ತೆ ತೊಳೆದರೂ ಹೋಗೋದಿಲ್ಲ. ಕೆಲವು ಬೆಕ್ಕಿಗೆ ಪ್ಲಾಸ್ಟಿಕ್ ತಾಗಿದರೇ ಚರ್ಮ ಕೆರಳ್ತದೆ. ಸರಿ. ಆದರೆ ಸ್ಟೀಲ್ ಬಟ್ಟಲನ್ನು ಎರಡು ದಿನಕ್ಕೊಮ್ಮೆ ಬರೀ ನೀರಲ್ಲಿ ಜಾಲಿಸಿ ಇಟ್ಟರೆ ಅದರಲ್ಲೂ ಲೋಳೆ ಕಟ್ತದೆ. ನೀರಿನ ಬಟ್ಟಲಿನ ಒಳಗೆ ಬೆರಳಾಡಿಸಿ ನೋಡಿ, ಜಾರಿದರೆ ಅದೇ ಲೋಳೆ. ಬೆಕ್ಕು ಗದ್ದ ಅದ್ದುವುದು ಅದಕ್ಕೇ.

ಆಕಾರವೂ ಮುಖ್ಯ. ಆಳದ ಗಿಂಡಿಯಂಥ ಬಟ್ಟಲಾದರೆ ಗದ್ದ ಅಂಚಿಗೆ ತಾಗಿಯೇ ಉಣ್ಣಬೇಕು. ಅಗಲ 13ರಿಂದ 15 ಸೆಂಟಿಮೀಟರ್, ಆಳ 2ರಿಂದ 3 ಸೆಂಟಿಮೀಟರ್ ಇದ್ದರೆ ಸಾಕು. ಮನೆಯಲ್ಲಿರುವ ಪಿಂಗಾಣಿ ಚಹಾ ಬಸಿಯೇ ಸರಿಹೋಗ್ತದೆ. ಅಂಚು ಒಡೆದದ್ದು, ಹೊಳಪು ಬಿರುಕು ಬಿಟ್ಟದ್ದು ಬೇಡ.

ಹಾಳೆಟೊಪ್ಪಿ (ಯಲ್ಲಾಪುರ)

ನಮ್ಮ ಕಡೆಯ ಎರಡು ರೂಢಿಗಳ ಬಗ್ಗೆಯೂ ಹೇಳಬೇಕು. ತೆಂಗಿನ ಗರಟೆಯಲ್ಲಿ ಹಾಲು ಹಾಕುವುದು: ಒಳಗೆ ನಾರು, ಸಣ್ಣ ರಂಧ್ರ, ತೊಳೆದು ಸ್ವಚ್ಛ ಮಾಡಲಾಗುವುದಿಲ್ಲ, ಹುಳಿವಾಸನೆ ಹಿಡಿಯುತ್ತದೆ. ಅದೂ ಪ್ಲಾಸ್ಟಿಕ್ಕಿನಷ್ಟೇ ಕೆಟ್ಟದ್ದು. ಹೊಳಪು ಕೊಡದ ಮಣ್ಣಿನ ಪಾತ್ರೆಯೂ ಹಾಗೇ. ಅಡಿಕೆ ಹಾಳೆಯ ತಟ್ಟೆ ಮಾತ್ರ ಒಳ್ಳೆಯದು, ಒಂದು ಊಟಕ್ಕೆ ಒಂದು ಅಂತ ಬಳಸಿ ಎಸೆಯುವುದಾದರೆ. ತೋಟದ ಮನೆಗಳಲ್ಲಿ ಹಾಳೆಗೆ ಬರವಿಲ್ಲ. ಅದನ್ನೇ ತೊಳೆದು ಎರಡನೇ ದಿನಕ್ಕೆ ಇಟ್ಟರೆ, ಮಳೆಗಾಲದ ತೇವಕ್ಕೆ ಒಂದೇ ರಾತ್ರಿಯಲ್ಲಿ ಬೂಸಲು ಬರುತ್ತದೆ.

ಶರಾವತಿ_ತೀರ (ಹೊನ್ನಾವರ)

ಹಾಳೆ ನನಗೆ ಹೊಳೆದಿರಲಿಲ್ಲ, ಒಳ್ಳೇ ಉಪಾಯ. ಸ್ಟೀಲಿನದ್ದನ್ನು ತೊಳೆಯಲಿಕ್ಕೆ ಕಬ್ಬಿಣದ ನಾರು ಬಳಸಬೇಡಿ, ಅದೂ ಗೀರು ಹಾಕ್ತದೆ. ಮೆತ್ತನೆ ಸ್ಪಂಜು, ಪಾತ್ರೆ ಸಾಬೂನು, ಬಿಸಿನೀರು, ಪೂರ್ತಿ ಜಾಲಾಡಿ, ಕವುಚಿ ಒಣಗಿಸಿ. ಊಟದ ಬಸಿ ಪ್ರತಿ ಊಟಕ್ಕೂ, ನೀರಿನದ್ದು ದಿನಕ್ಕೊಮ್ಮೆ. ಎರಡು ಜೊತೆ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಬಳಕೆಗೆ ಸಿಗ್ತದೆ. ಬೆಕ್ಕು ದಿನಾ ಗದ್ದ ಉಜ್ಜುವ ಬಾಗಿಲ ಮೂಲೆಯಲ್ಲಿ ಕಂದು ಜಿಡ್ಡು ಕೂತಿರ್ತದೆ, ವಾರಕ್ಕೊಮ್ಮೆ ಸಾಬೂನು ನೀರಲ್ಲಿ ಒರೆಸಿ. ಮಲಗುವ ಚೀಲ, ಬಟ್ಟೆ ಕೂಡ ವಾರಕ್ಕೊಮ್ಮೆ ಬಿಸಿನೀರಿಗೆ.

ಬೈತಖೋಲ್_ಬಂದರು (ಕಾರವಾರ)

ಊಟದ ಬಗ್ಗೆ. ಬಂದರಿನ ಸುತ್ತಿನ ಬೆಕ್ಕುಗಳಿಗೆ ತಾರ್ಲೆ, ಬಂಗಡೆ ಹೇರಳ. ಎರಡೂ ಎಣ್ಣೆ ಮೀನು. ಒಮೆಗಾ 3 ಕೊಬ್ಬು ಚರ್ಮದ ಉರಿಯೂತಕ್ಕೆ ಒಳ್ಳೇದು, ಹಾಗಂತ ದಿನಾ ಬರೀ ಅದನ್ನೇ ಹಾಕಬಾರದು. ಎಣ್ಣೆ ಮೀನು ಅತಿಯಾಗಿ, ವಿಟಮಿನ್ ಇ ಕಡಿಮೆಯಾದರೆ ಚರ್ಮದಡಿಯ ಕೊಬ್ಬೇ ಉರಿಯೂತಕ್ಕೆ ಬಂದು ಹಳದಿಯಾಗಿ ಗಂಟು ಕಟ್ತದೆ, ಮುಟ್ಟಿದರೆ ಬೆಕ್ಕು ಕೂಗ್ತದೆ. ಕಾಡ್ ಲಿವರ್ ಎಣ್ಣೆಯ ಮಾತ್ರೆ ಒಡೆದು ಹಾಕೋದೂ ಬೇಡ, ವಿಟಮಿನ್ ಎ ಮತ್ತು ಡಿ ಅದರಲ್ಲಿ ಹೆಚ್ಚು, ಬೆಕ್ಕಿನ ದೇಹದಲ್ಲಿ ಶೇಖರವಾಗಿ ಎಲುಬಿಗೆ ತೊಂದರೆ. ಒಮೆಗಾ 3 ಬೇಕಾದರೆ ಬೆಕ್ಕಿನ ತೂಕ ನೋಡಿ ಡಾಕ್ಟರ್ ಬರೆದುಕೊಟ್ಟದ್ದು ಸಾಕು.

ಮೀನಿನ ಸಾರು ಕಲಸಿದ ಅನ್ನ ಉಂಡ ಮೇಲೆ ಗದ್ದದಲ್ಲಿ ಅಂಟು ಉಳೀತದೆ. ಉಂಡ ಕೂಡಲೇ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ. ಅರ್ಧ ನಿಮಿಷದ ಕೆಲಸ. ಮತ್ತೆ ಬರೋದನ್ನು ತಡೆಯಲಿಕ್ಕೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ ಅಂತ ನನ್ನ ನಂಬಿಕೆ.

ಕಾಳಿ_ದಂಡೆ (ಸದಾಶಿವಗಡ)

ಡಾಕ್ಟ್ರೇ, ಕೆಂಪು ಗುಳ್ಳೆ, ಕೀವು ಬಂದವರ ಗತಿ? ಬೆಂಜಾಯಿಲ್ ಪೆರಾಕ್ಸೈಡ್, ಮುಪಿರೋಸಿನ್ ಎರಡೂ ಹೆಸರು ಕೇಳಿಬರ್ತವೆ.

ಘಟ್ಟದ_ಮೇಲಿನ_ಪಶುವೈದ್ಯ (ಶಿರಸಿ)

ಬೆಂಜಾಯಿಲ್ ಪೆರಾಕ್ಸೈಡ್ ಕುಳಿಯನ್ನು ಒಳಗಿನಿಂದ ತೊಳೀತದೆ, ಜಿಡ್ಡು ಕೀಳ್ತದೆ, ಬ್ಯಾಕ್ಟೀರಿಯಾ ಕೊಲ್ತದೆ. ಬೆಕ್ಕಿಗೆ 2.5% ದಾಟಬಾರದು. ಮನುಷ್ಯರ ಮೊಡವೆಗೆ 5%, 10% ಕೂಡ ಬರ್ತದೆ, ಅದನ್ನು ಹಚ್ಚಿದರೆ ಗದ್ದ ಸುಟ್ಟ ಹಾಗೆ ಕೆಂಪಾಗಿ ಸಿಪ್ಪೆ ಏಳ್ತದೆ. 2.5% ಕೂಡ ಕೆಲವು ಬೆಕ್ಕಿಗೆ ಆಗಿಬರೋದಿಲ್ಲ. ಹಚ್ಚಿ ನೆಕ್ಕಲಿಕ್ಕೆ ಬಿಡದೆ ಹಿಡಿದು, ಡಾಕ್ಟರ್ ಹೇಳಿದಷ್ಟು ಹೊತ್ತಿನ ನಂತರ ತೊಳೆದು ತೆಗೀಬೇಕು. ಬಟ್ಟೆಗೆ ತಾಗಿದರೆ ಬಣ್ಣ ಹೋಗ್ತದೆ, ಒಳ್ಳೇ ಹಾಸಿಗೆ ಮೇಲೆ ಕೂತು ಹಚ್ಚಬೇಡಿ.

ಮುಪಿರೋಸಿನ್ 2% ಮುಲಾಮು ಬ್ಯಾಕ್ಟೀರಿಯಾ ಸೋಂಕಿಗೆ ಒಳ್ಳೇ ಕೆಲಸ ಮಾಡ್ತದೆ, ಬರೀ ಕಪ್ಪು ಚುಕ್ಕೆಗಲ್ಲ. ದಿನಕ್ಕೆ ಎರಡು ಸಲ, ಅಕ್ಕಿ ಕಾಳಿನಷ್ಟು ತೆಗೆದು ತೆಳ್ಳಗೆ ಸವರಿ, ಹತ್ತು ನಿಮಿಷ ಆಟವಾಡಿಸಿಯೋ ಊಟ ಕೊಟ್ಟೋ ನೆಕ್ಕೋದನ್ನು ಮರೆಸಿ. ಆ ಮುಲಾಮಿನ ಬುಡದ ವಸ್ತು ಪಾಲಿಎಥಿಲೀನ್ ಗ್ಲೈಕಾಲ್, ಮೂತ್ರಪಿಂಡದ ತೊಂದರೆ ಇರುವ ಬೆಕ್ಕಿಗೆ ಅದು ಒಳ್ಳೇದಲ್ಲ. ಮೊದಲೇ ಹೇಳಿ. ಹಾಗೇ ಅದು ಮನುಷ್ಯರಲ್ಲಿ ಗಟ್ಟಿ ಸೋಂಕಿಗೆ ಕಾದಿಟ್ಟ ಔಷಧ, ಅಂಗಡಿಯಿಂದ ನೇರ ತಂದು ಸುಮ್ಮನೆ ಹಚ್ಚೋದಲ್ಲ.

ಆಳಕ್ಕೆ ಇಳಿದರೆ, ಅಂದರೆ ಗದ್ದ ಊದಿ, ಮುಟ್ಟಲಿಕ್ಕೆ ಬಿಡದೆ, ದವಡೆಯ ಅಡಿಯ ಗಡ್ಡೆ ಕೈಗೆ ಸಿಗ್ತಾ ಇದ್ದರೆ, ಜ್ವರ 39.2 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಊಟ ಬಿಟ್ಟರೆ, ಅದು ಮನೆಮದ್ದಿನ ಹಂತ ಅಲ್ಲ, ಅವತ್ತೇ ಆಸ್ಪತ್ರೆಗೆ. ಬಾಯಿಗೆ ಕೊಡುವ ಆಂಟಿಬಯೋಟಿಕ್ ಮೂರು ನಾಲ್ಕು ವಾರ ಬೇಕಾಗಬಹುದು. ಐದನೇ ದಿನಕ್ಕೆ ಊತ ಇಳೀತು ಅಂತ ನಿಲ್ಲಿಸಿದರೆ ಆಳದಲ್ಲಿ ಉಳಿದದ್ದು ಮತ್ತೆ ಬರ್ತದೆ, ಎರಡನೇ ಸಲ ಅದೇ ಔಷಧ ಕೆಲಸ ಮಾಡದೇ ಹೋಗಬಹುದು. ಡಾಕ್ಸಿಸೈಕ್ಲಿನ್ ಮಾತ್ರೆ ಬರೆದಿದ್ದರೆ ಒಣಗಂಟಲಿಗೆ ಹಾಕಬೇಡಿ. ಬೆಕ್ಕಿನ ಅನ್ನನಾಳದಲ್ಲಿ ಸಿಕ್ಕಿಕೊಂಡು ಸುಟ್ಟು, ಆಮೇಲೆ ಅಲ್ಲೇ ಕಿರಿದಾಗ್ತದೆ. ಮಾತ್ರೆ ಹಿಂದೆಯೇ ಸಿರಿಂಜಿನಲ್ಲಿ 5ರಿಂದ 6 ಮಿ.ಲೀ. ನೀರು, ದವಡೆಯ ಬದಿಯಿಂದ ನಿಧಾನ.

ಔಷಧಿ_ಅಂಗಡಿ (ಅಂಕೋಲಾ)

ಗಜಕರ್ಣದ ಟ್ಯೂಬಿನ ಮಾತು ಬಾಕಿ ಉಳೀತು. ಕೆಲವು ಟ್ಯೂಬುಗಳಲ್ಲಿ ಮೂರು ನಾಲ್ಕು ಔಷಧ ಒಟ್ಟಿಗೆ: ಒಂದು ಶಿಲೀಂಧ್ರಕ್ಕೆ, ಒಂದು ಬ್ಯಾಕ್ಟೀರಿಯಾಕ್ಕೆ, ಜೊತೆಗೆ ಕ್ಲೊಬೆಟಾಸಾಲ್ ಥರದ ಜೋರು ಸ್ಟೆರಾಯ್ಡ್. ಹಚ್ಚಿದ ಎರಡು ದಿನಕ್ಕೆ ಕೆಂಪು ಇಳೀತದೆ, ಗುಣ ಆಯ್ತು ಅನ್ನಿಸ್ತದೆ. ಒಳಗೆ ಹುಳುಕಡ್ಡಿಯೋ ಡೆಮೊಡೆಕ್ಸೋ ಇದ್ದರೆ ಸ್ಟೆರಾಯ್ಡ್ ಅದಕ್ಕೆ ದಾರಿ ಬಿಟ್ಟುಕೊಡ್ತದೆ, ಚರ್ಮ ತೆಳ್ಳಗಾಗ್ತದೆ. ಹೊಟ್ಟೆಗೂ ಹೋಗ್ತದೆ, ಯಾಕಂದರೆ ಗದ್ದಕ್ಕೆ ಹಚ್ಚಿದ್ದೆಲ್ಲ ಕೊನೆಗೆ ಬೆಕ್ಕಿನ ಬಾಯಿಗೇ. ಟ್ಯೂಬಿನ ಹಿಂಬದಿಯಲ್ಲಿ 'ಸೋನ್' ಅಥವಾ 'ಸಾಲ್' ಅಂತ ಮುಗಿಯುವ ಹೆಸರು ಕಂಡರೆ ಅಂಗಡಿಯವರನ್ನು ಕೇಳಿ, ಸ್ಟೆರಾಯ್ಡ್ ಆಗಿರಬಹುದು.

ಅಘನಾಶಿನಿ (ಕುಮಟಾ)

ಒಂದು ಪ್ರಶ್ನೆ ನನ್ನದೂ ಇದೆ. ಪರ್ಶಿಯನ್ ಬೆಕ್ಕು ಸಾಕಿದವರು ಗದ್ದದ ಜೊತೆ ಕಣ್ಣಿನ ಸುತ್ತ, ಮೂಗಿನ ಮಡಿಕೆಯಲ್ಲೂ ಕಪ್ಪು ಮೇಣ ಅಂತ ಹೇಳ್ತಾರೆ. ಅದೂ ಇದೇನಾ?

ಘಟ್ಟದ_ಮೇಲಿನ_ಪಶುವೈದ್ಯ (ಶಿರಸಿ)

ಅಲ್ಲ. ಪರ್ಶಿಯನ್ ತಳಿಗೆ ಮುಖದ ಚರ್ಮದ ಬೇರೆಯದೇ ಒಂದು ಕಾಯಿಲೆ ಇದೆ. ಕಣ್ಣು, ಬಾಯಿ, ಗದ್ದದ ಸುತ್ತ ಕೂದಲಿಗೆ ಕಪ್ಪು ಮೇಣ ಅಂಟಿಕೊಳ್ತದೆ, ಆಮೇಲೆ ತುರಿಕೆ. ಗದ್ದದ ಮೊಡವೆಯ ಚಿಕಿತ್ಸೆಗೆ ಅದು ಬಗ್ಗೋದಿಲ್ಲ. ಚರ್ಮದ ಬಗ್ಗೆ ಪಳಗಿದವರಿಗೇ ತೋರಿಸಿ.

ಬೈತಖೋಲ್_ಬಂದರು (ಕಾರವಾರ)

ಮೂರು ನಾಲ್ಕು ಬೆಕ್ಕು ಇರುವ ಮನೆಯಲ್ಲಿ ಒಂದಕ್ಕೆ ಬಂದರೆ ಬೇರೆ ಮಾಡಿ ಇಡಬೇಕಾ? ಗುಣ ಆದ ಮೇಲೂ ಕೂದಲು ಬಾರದೆ ಗದ್ದ ಬೋಳಾಗಿಯೇ ಇದ್ದರೆ?

ಘಟ್ಟದ_ಮೇಲಿನ_ಪಶುವೈದ್ಯ (ಶಿರಸಿ)

ಮೊಡವೆ ಹರಡೋದಿಲ್ಲ, ಬೇರೆ ಇಡೋದು ಬೇಡ. ಒಂದೇ ಮನೆಯಲ್ಲಿ ಎರಡು ಮೂರು ಬೆಕ್ಕಿಗೆ ಒಟ್ಟಿಗೆ ಗದ್ದ ಕೆಟ್ಟಿತು ಅಂದರೆ ಮೊಡವೆ ಅಂತ ಬಿಟ್ಟುಬಿಡಬೇಡಿ, ಹುಳುಕಡ್ಡಿ, ಚಿಗಟ, ಪಾತ್ರೆ, ಈ ಮೂರನ್ನೂ ನೋಡಿ. ಮನೆಯವರ ಕೈಮೇಲೆ ಉಂಗುರದ ಹಾಗೆ ತುರಿಕೆ ಎದ್ದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಕೂದಲ ವಿಚಾರ: ಬರೀ ಚುಕ್ಕೆ ಇದ್ದ ಜಾಗದಲ್ಲಿ ಕೂದಲು ಒಂದೆರಡು ತಿಂಗಳಲ್ಲಿ ಬರ್ತದೆ. ಕುಳಿಯೇ ಒಡೆದು ಹೋಗಿ ಗಾಯದ ಕಲೆ ಕಟ್ಟಿದ್ದರೆ ಅಲ್ಲಿ ಬರಲಿಕ್ಕಿಲ್ಲ, ಅದರಿಂದ ಬೆಕ್ಕಿಗೆ ತೊಂದರೆಯೂ ಇಲ್ಲ. ಚುಕ್ಕೆ ಪೂರ್ತಿ ಹೋದ ಮೇಲೆ ದಿನಕ್ಕೆರಡು ಸಲದ ಶಾಖವನ್ನು ಒಮ್ಮೆಲೇ ನಿಲ್ಲಿಸಬೇಡಿ. ಒಂದು ವಾರ ದಿನಕ್ಕೊಮ್ಮೆ, ನಂತರ ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೆ ಒಂದೆರಡು ಸಲ. ತಿರುಗಿ ಬರುವ ಬೆಕ್ಕಿಗೆ ಆ ವಾರದ ಒಂದೆರಡು ಸಲ ಕೊನೇವರೆಗೂ ಇರಲಿ. ಪ್ರತಿ ಭಾನುವಾರ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಗದ್ದದ ಫೋಟೊ ತೆಗೆದಿಡಿ. ಆಸ್ಪತ್ರೆಗೆ ಬರುವಾಗ ಬೆಕ್ಕಿನ ಜೊತೆ ಆ ಫೋಟೊ, ಹಚ್ಚಿದ ಔಷಧದ ಬಾಟಲಿ, ಟ್ಯೂಬು ಎಲ್ಲ ತನ್ನಿ. ಬರುವ ದಿನ ಬೆಳಿಗ್ಗೆ ಮಾತ್ರ ಗದ್ದಕ್ಕೆ ಏನೂ ಹಚ್ಚಬೇಡಿ, ತೊಳೀಲೂ ಬೇಡಿ. ತೊಳೆದ ಗದ್ದದಿಂದ ತೆಗೆದ ಮಾದರಿಯಲ್ಲಿ ಇರಬೇಕಾದ್ದು ಕಾಣದೇ ಹೋಗಬಹುದು.